‘ಅದು ನಂದೇ’ ಎಂದು ಅಪರಿಚಿತರು ಬಂದರೆ: ಸಿಕ್ಕಿದ ವಸ್ತುವನ್ನು ಯಾರ ಕೈಗೆ ಕೊಡಬೇಕು?

ರಾತ್ರಿ ಒಂಬತ್ತರ ಹೊತ್ತಿಗೆ ಊರಿನ ವಾಟ್ಸ್ಆ್ಯಪ್ ಗುಂಪಿಗೆ ಒಂದು ಸಂದೇಶ ಬಂತು ಅಂದುಕೊಳ್ಳಿ. ‘ಉಡುಪಿ ಸಿಟಿ ಬಸ್ ನಿಲ್ದಾಣದಲ್ಲಿ ಕರಿಮಣಿ ಸರ ಸಿಕ್ಕಿದೆ. ಕಳಕೊಂಡವರು ಈ ನಂಬರಿಗೆ ಕರೆ ಮಾಡಿ. ದಯವಿಟ್ಟು ಎಲ್ಲರಿಗೂ ಶೇರ್ ಮಾಡಿ.’ ಕೆಳಗೆ ಎರಡು ಫೋಟೊ. ಒಂದರಲ್ಲಿ ಇಡೀ ಸರ, ಇನ್ನೊಂದರಲ್ಲಿ ತಾಳಿ ಹತ್ತಿರದಿಂದ. ಮಲಗುವ ಹೊತ್ತಿಗೆ ಅದು ಕುಂದಾಪುರದಿಂದ ಸುರತ್ಕಲ್‌ವರೆಗೆ ಹೋಗಿರುತ್ತದೆ. ಕಳಿಸಿದವರ ಮನಸ್ಸು ಒಳ್ಳೆಯದೇ. ಆದರೆ ಬೆಳಿಗ್ಗೆ ಮೂರು ಕಡೆಯಿಂದ ಕರೆ ಬಂದರೆ? ಮೂವರೂ ‘ನಂದೇ’ ಅಂದರೆ?

ಕರಾವಳಿಯ ಪತ್ರಿಕೆಗಳಲ್ಲಿ ಎರಡು ಥರದ ಸುದ್ದಿ ಆಗಾಗ ಕಾಣಿಸುತ್ತದೆ. ಬಸ್ಸಿನಲ್ಲಿ ಸಿಕ್ಕಿದ ಚಿನ್ನವನ್ನು ಕಂಡಕ್ಟರ್ ಮರಳಿಸಿದ್ದು ಒಂದು. ಸಿಕ್ಕಿದ ಹಣ ಯಾರದ್ದು, ಎಷ್ಟಿತ್ತು ಎಂಬ ಜಗಳ ಇನ್ನೊಂದು. 2022ರ ಕೊನೆಯಲ್ಲಿ ಮಂಗಳೂರಿನ ಪಂಪ್‌ವೆಲ್ ಬಳಿ ಕೂಲಿ ಕಾರ್ಮಿಕರೊಬ್ಬರಿಗೆ ನೋಟಿನ ಕಟ್ಟುಗಳು ಸಿಕ್ಕಿದಾಗ ಆದದ್ದು ಇದೇ. ಸಿಕ್ಕಿದ್ದು ಎಷ್ಟು ಎಂಬುದೇ ಕೊನೆಗೆ ದೊಡ್ಡ ಪ್ರಶ್ನೆಯಾಯಿತು. ಇದರ ಮೇಲೆ 2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ‘ಬಿದ್ದದ್ದು ಎತ್ತಿದರೆ ಇನ್ನು ಆರು ತಿಂಗಳು ಜೈಲು’ ಎಂಬ ಮಾತು ಹಬ್ಬಿ, ಒಳ್ಳೆಯ ಮನಸ್ಸಿನವರೂ ಕೈ ಹಿಂದೆಗೆಯುವ ಹಾಗಾಗಿದೆ. ಈ ಹೆದರಿಕೆಯಲ್ಲಿ ನಿಜ ಎಷ್ಟು, ತಪ್ಪು ತಿಳಿವಳಿಕೆ ಎಷ್ಟು ಎಂದು ಬಿಡಿಸಿ ನೋಡಬೇಕು.

ಎತ್ತಿಕೊಳ್ಳುವುದು ತಪ್ಪಲ್ಲ

ಬಿದ್ದ ವಸ್ತುವನ್ನು ಕಾಪಾಡಲು ಅಥವಾ ಮಾಲಕರಿಗೆ ಮುಟ್ಟಿಸಲು ಎತ್ತಿಕೊಂಡರೆ ಅದು ಅಪರಾಧವೇ ಅಲ್ಲ. ಹಳೆಯ ದಂಡಸಂಹಿತೆಯ 403ನೇ ಸೆಕ್ಷನ್ ಇದನ್ನೇ ಹೇಳುತ್ತಿತ್ತು. ನ್ಯಾಯ ಸಂಹಿತೆಯ 314ನೇ ಸೆಕ್ಷನ್ ಕೂಡ ಅದನ್ನೇ ಹೇಳುತ್ತದೆ. ಬದಲಾದದ್ದು ಶಿಕ್ಷೆ. ಮೊದಲು ಗರಿಷ್ಠ ಎರಡು ವರ್ಷ ಜೈಲು, ಅಥವಾ ದಂಡ, ಅಥವಾ ಎರಡೂ ಎಂದಿತ್ತು. ಬರೀ ದಂಡ ಕಟ್ಟಿ ಮುಗಿಯುವ ಸಾಧ್ಯತೆ ಇತ್ತು. ಈಗ ಕನಿಷ್ಠ ಆರು ತಿಂಗಳು, ಗರಿಷ್ಠ ಎರಡು ವರ್ಷ ಜೈಲು, ಜೊತೆಗೆ ದಂಡ. ಆರು ತಿಂಗಳ ಮಾತು ಹುಟ್ಟಿದ್ದು ಇಲ್ಲಿಂದ. ಆದರೆ ಅದು ಎತ್ತಿದವರಿಗಲ್ಲ, ನುಂಗಿದವರಿಗೆ.

ಎತ್ತುವುದು ಯಾವಾಗ ನುಂಗುವುದಾಗುತ್ತದೆ? ಕಾನೂನೇ ಉದಾಹರಣೆ ಕೊಟ್ಟು ಹೇಳಿದೆ. ದಾರಿಯಲ್ಲಿ ಒಂದು ರೂಪಾಯಿ ಸಿಕ್ಕಿತು, ಯಾರದ್ದೆಂದು ಗೊತ್ತಿಲ್ಲ, ಎತ್ತಿಕೊಂಡರು. ತಪ್ಪಿಲ್ಲ. ನೋಟು ಇಟ್ಟ ಪತ್ರ ಸಿಕ್ಕಿತು, ಮೇಲಿನ ವಿಳಾಸ ನೋಡಿ ಯಾರದ್ದೆಂದು ತಿಳಿಯಿತು, ಆದರೂ ಇಟ್ಟುಕೊಂಡರು. ತಪ್ಪು. ಬೆಲೆಬಾಳುವ ಉಂಗುರ ಸಿಕ್ಕಿತು, ಮಾಲಕರನ್ನು ಹುಡುಕುವ ಗೋಜಿಗೇ ಹೋಗದೆ ಕೂಡಲೇ ಮಾರಿದರು. ಅದೂ ತಪ್ಪು. ಅಂದರೆ ನೋಡುವುದು ಮೂರು ವಿಷಯ: ಯಾರದ್ದೆಂದು ಗೊತ್ತಿತ್ತೇ ಅಥವಾ ತಿಳಿಯುವ ದಾರಿ ಇತ್ತೇ, ಹುಡುಕಲು ತಕ್ಕಷ್ಟು ಪ್ರಯತ್ನ ಮಾಡಿದರೇ, ಮಾಲಕರು ಬರಲು ತಕ್ಕಷ್ಟು ಸಮಯ ಕಾದರೇ. ‘ತಕ್ಕಷ್ಟು’ ಎಂದರೆ ಇಷ್ಟೇ ದಿನ ಎಂದು ಕಾನೂನು ಲೆಕ್ಕ ಹಾಕಿಲ್ಲ. ಬುಟ್ಟಿ ಮೀನಿಗೂ ಎರಡು ಪವನಿನ ಸರಕ್ಕೂ ಒಂದೇ ಗಡುವು ಇಡಲು ಆಗುವುದಿಲ್ಲ, ಅಲ್ವಾ?

ಇನ್ನೊಂದು ಕಾನೂನು ಇದೆ, ಇದರ ಸುದ್ದಿ ಹೇಳುವವರು ಕಡಿಮೆ. 1872ರ ಭಾರತೀಯ ಕರಾರು ಕಾಯ್ದೆಯ 71ನೇ ಸೆಕ್ಷನ್ ಪ್ರಕಾರ, ಬೇರೆಯವರ ವಸ್ತು ಸಿಕ್ಕಿ ಅದನ್ನು ತನ್ನ ಬಳಿ ಇಟ್ಟುಕೊಂಡವರ ಹೊಣೆ, ಯಾರೋ ನಂಬಿ ಕೊಟ್ಟ ವಸ್ತುವನ್ನು ಇಟ್ಟುಕೊಂಡವರ ಹೊಣೆಯಂತೆಯೇ. ನೆರೆಮನೆಯವರು ಮುಂಬೈಗೆ ಹೋಗುವಾಗ ‘ಇದೊಂದು ನಿಮ್ಮಲ್ಲಿರಲಿ’ ಎಂದು ಡಬ್ಬ ಕೊಟ್ಟು ಹೋದರೆ ಹೇಗೋ, ಇದೂ ಹಾಗೆ. ಸಾಮಾನ್ಯ ಬುದ್ಧಿಯವರು ತಮ್ಮದೇ ವಸ್ತುವನ್ನು ಜೋಪಾನ ಮಾಡುವಷ್ಟು ಜೋಪಾನ ಮಾಡಬೇಕು.

ಎಲ್ಲ ಗೊಂದಲ ಶುರುವಾಗುವುದು ಇಲ್ಲಿಂದ. ಡಬ್ಬ ಕೊಟ್ಟವರ ಮುಖ ನಮಗೆ ಗೊತ್ತು. ಸರ ಬೀಳಿಸಿಕೊಂಡವರ ಮುಖ ಗೊತ್ತಿಲ್ಲ. ಹಾಗಾಗಿ ಜೋಪಾನ ಮಾಡುವುದು ಎಂದರೆ ಕಪಾಟಿನಲ್ಲಿಟ್ಟು ಬೀಗ ಹಾಕುವುದಷ್ಟೇ ಅಲ್ಲ, ತಪ್ಪು ಕೈಗೆ ಹೋಗದ ಹಾಗೆ ನೋಡಿಕೊಳ್ಳುವುದೂ ಹೌದು.

ಫೋಟೊ ಹಾಕಿದ ಕೂಡಲೇ ಕಳೆದುಹೋಗುವುದು

ಆ ಕರಿಮಣಿ ಸರವನ್ನು ಒಮ್ಮೆ ಕೈಗೆ ತೆಗೆದುಕೊಂಡು ನೋಡೋಣ. ಹತ್ತು ವರ್ಷ ಕೊರಳಲ್ಲಿದ್ದ ಸರ ಅಂಗಡಿಯ ಸರದ ಹಾಗೆ ಇರುವುದಿಲ್ಲ. ಕೊಂಡಿ ಸವೆದಿರುತ್ತದೆ. ಒಂದು ಕಡೆ ತುಂಡಾಗಿ, ಬೆಸುಗೆ ಹಾಕಿಸಿದ ಗುರುತು ಉಬ್ಬಿಕೊಂಡಿರುತ್ತದೆ. ಎರಡು ಮಣಿ ಉದುರಿ ಅಲ್ಲಿ ಬರೀ ತಂತಿ ಕಾಣುತ್ತದೆ. ತಾಳಿಯ ಪಕ್ಕದಲ್ಲಿ ಒಂದು ಸೇಫ್ಟಿ ಪಿನ್ ತೂಗುತ್ತಿರುತ್ತದೆ, ಸೀರೆಗೆ ಬೇಕಾದೀತು ಎಂದು ಸಿಕ್ಕಿಸಿಕೊಂಡದ್ದು. ತಾಳಿಯ ಹಿಂಬದಿಯಲ್ಲಿ ಅರಶಿನದ ಕಲೆ. ಇದನ್ನು ಧರಿಸಿದ ಹೆಂಗಸಿಗೆ ಇದೆಲ್ಲ ಕಣ್ಣು ಮುಚ್ಚಿದರೂ ಗೊತ್ತು. ಬೇರೆ ಯಾರಿಗೂ ಗೊತ್ತಿಲ್ಲ.

ಈ ವ್ಯತ್ಯಾಸವೇ ನಿಜವಾದ ಮಾಲಕರನ್ನು ಗುರುತಿಸುವ ಕೀಲಿ. ಎರಡು ಕಡೆಯಿಂದ ಸ್ಪಷ್ಟವಾಗಿ ಫೋಟೊ ತೆಗೆದು ಹಾಕಿದರೆ ಈ ಕೀಲಿಯನ್ನು ಊರಿಗೆಲ್ಲ ಹಂಚಿದ ಹಾಗೆ. ಪಿನ್ ಇದೆ ಎಂದು ಈಗ ಎಲ್ಲರಿಗೂ ಗೊತ್ತು. ಬೆಸುಗೆ ಎಲ್ಲಿದೆ ಎಂದೂ ಗೊತ್ತು. ಸುಳ್ಳು ಹೇಳುವವರು ಫೋಟೊ ನೋಡಿಕೊಂಡೇ ಕರೆ ಮಾಡಬಹುದು. ನಿಜವಾದ ಮಾಲಕರೂ ಅವರೂ ಒಂದೇ ಉತ್ತರ ಕೊಡುತ್ತಾರೆ. ಆಮೇಲೆ ಉಳಿಯುವುದು ಯಾರು ಮೊದಲು ಬಂದರು, ಯಾರು ಜೋರಾಗಿ ಅತ್ತರು ಎಂಬುದು ಮಾತ್ರ.

ಇನ್ನೂ ಒಂದು ಪರಿಣಾಮ ಇದೆ. ಫೋಟೊ ಒಮ್ಮೆ ಹೊರಗೆ ಹೋದರೆ ಪೊಲೀಸರಿಗೂ ಪರೀಕ್ಷಿಸುವುದು ಕಷ್ಟ. ಠಾಣೆಯಲ್ಲಿ ಕೇಳಬಹುದಾಗಿದ್ದ ಪ್ರಶ್ನೆಗಳನ್ನು ನಾವೇ ಮೊದಲು ಮುಗಿಸಿಬಿಟ್ಟಿರುತ್ತೇವೆ. ಹಾಗೆಂದು ಸುಮ್ನೆ ಇರಬೇಕೆಂದಲ್ಲ. ಪ್ರಚಾರ ಬೇಕೇ ಬೇಕು, ಮಾಲಕರನ್ನು ಹುಡುಕುವ ಪ್ರಯತ್ನದ ಭಾಗ ಅದು. ‘ಒಂದು ಆಭರಣ ಸಿಕ್ಕಿದೆ’ ಎಂದರೆ ಸಾಕು. ಯಾವ ಆಭರಣ ಎಂದು ಹೇಳಬೇಕಾದವರು ಕಳಕೊಂಡವರು.

ಕೇಳುವ ರೀತಿ

ಅಪರಿಚಿತರು ಕರೆ ಮಾಡಿದಾಗ ನಾವು ಮಾಡುವ ದೊಡ್ಡ ತಪ್ಪು, ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳುವುದು. ‘ಕಂದು ಬಣ್ಣದ ಪರ್ಸಾ?’ ಎಂದರೆ ಆ ಕಡೆಯಿಂದ ‘ಹೌದು, ಹೌದು’ ಎಂದೇ ಬರುತ್ತದೆ. ‘ನಿಮ್ಮ ಪರ್ಸ್ ಹೇಗಿತ್ತು ಹೇಳಿ’ ಎಂದು ಕೇಳಿ ಸುಮ್ಮನಿದ್ದರೆ ಅವರೇ ಹೇಳಬೇಕಾಗುತ್ತದೆ. ಬಸ್ಸಿನಲ್ಲಿ ಹಳಬ ಕಂಡಕ್ಟರುಗಳು ಇದನ್ನು ಚೆನ್ನಾಗಿ ಬಲ್ಲರು. ‘ಅಕ್ಕಾ, ಎಲ್ಲಿ ಹತ್ತಿದ್ರಿ? ಯಾವ ಕಡೆ ಕೂತಿದ್ರಿ?’ ಇಷ್ಟೇ ಕೇಳುತ್ತಾರೆ. ಮಂಗಳೂರು-ಉಡುಪಿ ದಾರಿಯಲ್ಲಿ ದಿನಾ ಓಡಾಡುವವರಿಗೆ ಬಸ್ಸಿನ ಹೆಸರು, ಹೊತ್ತು ಎರಡೂ ನೆನಪಿರುತ್ತವೆ. ಅದು ಕೂಡ ಒಂದು ಸಾಕ್ಷಿಯೇ.

ಪರ್ಸಿನ ಒಳಗೆ ಏನಿತ್ತು ಎಂದು ಕೇಳಿದಾಗ ಹಣದ ಲೆಕ್ಕ ತಪ್ಪಿದರೆ ಕೂಡಲೇ ಕಳ್ಳರೆಂದು ತೀರ್ಮಾನಿಸಬಾರದು. ನಮ್ಮ ಜೇಬಿನಲ್ಲಿ ಈಗ ಸರಿಯಾಗಿ ಎಷ್ಟಿದೆ ಎಂದು ನಮಗೇ ಗೊತ್ತಿರುವುದಿಲ್ಲ. ಹಣಕ್ಕಿಂತ ಸಣ್ಣಪುಟ್ಟ ವಸ್ತುಗಳು ಜಾಸ್ತಿ ಸತ್ಯ ಹೇಳುತ್ತವೆ: ಮೆಡಿಕಲ್ ಶಾಪಿನ ಚೀಟಿ, ದೇವಸ್ಥಾನದ ಕುಂಕುಮದ ಪೊಟ್ಟಣ, ಮಗುವಿನ ಪಾಸ್‌ಪೋರ್ಟ್ ಅಳತೆಯ ಫೋಟೊ.

ಮೊಬೈಲ್ ಆದರೆ ಕೆಲಸ ಸುಲಭ. ಎದುರಿಗೇ ಅನ್‌ಲಾಕ್ ಮಾಡಲಿ. ಚಾರ್ಜ್ ಮುಗಿದಿದ್ದರೆ ಬಾಕ್ಸ್ ಅಥವಾ ಬಿಲ್ಲಿನ ಮೇಲಿರುವ 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ ತರಲಿ. ‘ನಾನು ಅವರ ತಮ್ಮ, ಅಣ್ಣ ಕಳಿಸಿದ್ದಾರೆ’ ಎಂದು ಬಂದವರಿಗೆ, ಆ ಅಣ್ಣನ ಜೊತೆ ಮಾತಾಡದೆ ಕೊಡುವುದು ಬೇಡ.

ಚಿನ್ನದ ವಿಷಯದಲ್ಲಿ ಬಿಲ್ ಒಂದೇ ಸಾಕು ಎಂದು ಹಲವರು ನಂಬುತ್ತಾರೆ. ಅದು ಸಾಲದು. ನಮ್ಮ ಕಡೆ ಬಿಲ್ ಎಷ್ಟೋ ಸಲ ಧರಿಸುವವರ ಹೆಸರಿನಲ್ಲಿ ಇರುವುದಿಲ್ಲ. ಅಪ್ಪ ತೆಗೆಸಿಕೊಟ್ಟದ್ದಿರಬಹುದು, ಗಂಡ ದುಬೈಯಿಂದ ತಂದದ್ದಿರಬಹುದು. ಅಜ್ಜಿಯ ಕಾಲದ ಬಳೆಗೆ ಬಿಲ್ ಎಲ್ಲಿಂದ ಬರಬೇಕು? 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣ ಮಾರಬೇಕಾದರೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ, ಅಂದರೆ ಆ ಆಭರಣದ್ದೇ ಆದ ಗುರುತಿನ ಸಂಖ್ಯೆ ಇರಲೇಬೇಕು. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಚಿನ್ನದ ಶುದ್ಧತೆ, ಹಾಲ್‌ಮಾರ್ಕ್ ವಿವರ ಸಿಗುತ್ತದೆ. ಮಾಲಕರ ಹೆಸರು ಸಿಗುವುದಿಲ್ಲ. ಆದರೆ ಕೊಳ್ಳುವಾಗಲೇ ಆ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಂಡವರಿಗೆ ಮುಂದೆ ಅದರಷ್ಟು ಗಟ್ಟಿ ದಾಖಲೆ ಬೇರೆ ಇಲ್ಲ. ಹಳೆಯ ಆಭರಣಕ್ಕೆ ಮದುವೆಯ ಫೋಟೊವೇ ಗತಿ.

‘ಠಾಣೆಗೆ ಯಾಕೆ ಮಾರಾಯ್ರೆ?’

ಇಲ್ಲಿ ಎರಡು ಅಭಿಪ್ರಾಯ ಇದೆ. ಎರಡರಲ್ಲೂ ಹುರುಳಿದೆ.

ನೇರವಾಗಿ ಕೊಡುವುದೇ ವಾಸಿ ಎನ್ನುವವರ ಮಾತು ಹೀಗೆ: ಠಾಣೆಗೆ ಹೋದರೆ ಸಿಕ್ಕಿದವರೇ ಪ್ರಶ್ನೆಗಳಿಗೆ ಉತ್ತರ ಕೊಡಬೇಕು, ಕೆಲಸ ಬಿಟ್ಟು ಅಲೆಯಬೇಕು. ಕಳಕೊಂಡವರಿಗೂ ವಸ್ತು ಕೂಡಲೇ ಸಿಗುವುದಿಲ್ಲ. ದಿನಗೂಲಿಯ ಮೇಲೆ ಬದುಕುವವರಿಗೆ ಒಂದು ದಿನ ಹೋಯಿತೆಂದರೆ ಊಟಕ್ಕೇ ಕುತ್ತು. ಈ ಹೆದರಿಕೆಯನ್ನು ತಳ್ಳಿಹಾಕಲು ಆಗುವುದಿಲ್ಲ.

ಇನ್ನೊಂದು ಕಡೆಯವರು ಹೇಳುವುದು: ನೇರವಾಗಿ ಕೊಟ್ಟು ಮನೆಗೆ ಬಂದ ಮೇಲೆ ಇನ್ನೊಬ್ಬರು ಬಂದರೆ ನಿಮ್ಮ ಬಳಿ ಏನು ದಾಖಲೆ ಇದೆ? ಒಂದು ಲಕ್ಷ ಕೊಟ್ಟಿರಿ, ಬಂದವರು ‘ಅದರಲ್ಲಿ ಎರಡು ಲಕ್ಷ ಇತ್ತು’ ಎಂದರೆ? ಕೊಟ್ಟವರೇ ಆರೋಪಿಯಂತೆ ನಿಲ್ಲಬೇಕಾಗುತ್ತದೆ.

ಈ ಲೇಖಕರಿಗೆ ಅನಿಸುವುದು, ವಸ್ತು ನೋಡಿ ದಾರಿ ಆರಿಸಬೇಕು. ಹೆಸರು-ವಿಳಾಸ ಇರುವ ಗುರುತಿನ ಚೀಟಿ, ಶಾಲೆಯ ಚೀಲ, ಕೊಡೆ, ಬುತ್ತಿ ಡಬ್ಬ, ಇವುಗಳನ್ನು ಕೇಳಿ ಖಾತ್ರಿ ಮಾಡಿಕೊಂಡು ಕೊಟ್ಟರೆ ಸಾಕು. ನಗದು ಮತ್ತು ಚಿನ್ನ ಮಾತ್ರ ಠಾಣೆಗೇ ಹೋಗಬೇಕು. ಯಾಕೆಂದರೆ ಇವೆರಡರಲ್ಲೇ ಸುಳ್ಳು ಹೇಳಲು ಆಸೆ ಜಾಸ್ತಿ, ಗುರುತು ಕಡಿಮೆ. ಐನೂರರ ನೋಟಿನ ಮೇಲೆ ಯಾರ ಹೆಸರೂ ಇರುವುದಿಲ್ಲ. ಕೊಡುವಾಗ ಠಾಣೆಯಲ್ಲಿ ಎಣಿಸಿ ತೋರಿಸಿ, ವಸ್ತುವಿನ ವಿವರ, ಸಿಕ್ಕಿದ ಜಾಗ, ದಿನ, ಹೊತ್ತು ಬರೆಸಿ, ಸ್ವೀಕೃತಿ ಪಡೆಯಬೇಕು. ಆ ಚೀಟಿ ಇಲ್ಲದೆ ಹೊರಗೆ ಬರಬೇಡಿ. ಒಬ್ಬರೇ ಹೋಗಲು ಅಳುಕಾದರೆ ಪಂಚಾಯತ್ ಸದಸ್ಯರನ್ನೋ ಪರಿಚಯದ ವಕೀಲರನ್ನೋ ಜೊತೆಗೆ ಕರೆದುಕೊಂಡು ಹೋಗಬಹುದು.

ಠಾಣೆಗೆ ಹೋದ ವಸ್ತು ಅಲ್ಲೇ ಕೊಳೆಯುತ್ತದೆ ಎಂಬ ಮಾತೂ ಇದೆ. ಪೊಲೀಸರು ವಶಕ್ಕೆ ಪಡೆದು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಿದ ವಸ್ತುವಿನ ಬಗ್ಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಸೆಕ್ಷನ್‌ನಲ್ಲಿ ದಾರಿ ಇದೆ. ಹಕ್ಕುಳ್ಳವರು ಗೊತ್ತಿದ್ದರೆ ಅವರಿಗೆ ಕೊಡಲು ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಗೊತ್ತಿಲ್ಲದಿದ್ದರೆ ವಸ್ತುವಿನ ವಿವರದೊಂದಿಗೆ ಪ್ರಕಟಣೆ ಹೊರಡಿಸಿ, ಆರು ತಿಂಗಳೊಳಗೆ ಬಂದು ಹಕ್ಕು ಸ್ಥಾಪಿಸಲು ಹೇಳಬಹುದು. ಇನ್ನು 2002ರಲ್ಲಿ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಶಪಡಿಸಿಕೊಂಡ ವಸ್ತುಗಳನ್ನು ಠಾಣೆಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕಾಲ ಇಡಬಾರದು, ಫೋಟೊ ಮತ್ತು ವಿವರವಾದ ಪಂಚನಾಮೆ ಮಾಡಿ, ಬಾಂಡ್ ಪಡೆದು ಬಿಟ್ಟುಕೊಡಬೇಕು ಎಂದಿದೆ. ವಕೀಲರ ಮೂಲಕ ಅರ್ಜಿ ಹಾಕುವವರು ಈ ತೀರ್ಪನ್ನು ಮುಂದಿಡುವುದು ವಾಡಿಕೆ.

ಸಿಕ್ಕಿದ ಜಾಗವೂ ಮುಖ್ಯ

ಬಸ್ಸಿನಲ್ಲಿ ಸಿಕ್ಕಿದರೆ ಕಂಡಕ್ಟರಿಗೆ ತಿಳಿಸದೆ ಮನೆಗೆ ತರಬಾರದು. ಕಳಕೊಂಡವರು ಮೊದಲು ಓಡಿಬರುವುದು ಬಸ್ಸಿನ ಹಿಂದೆಯೇ. ಖಾಸಗಿ ಬಸ್ಸಾದರೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದ ಟೈಮ್ ಕೀಪರ್‌ಗೆ, ಸರಕಾರಿ ಬಸ್ಸಾದರೆ ಮಂಗಳೂರಿನ ಬಿಜೈ ಅಥವಾ ಉಡುಪಿಯ ಬನ್ನಂಜೆಯ ನಿಲ್ದಾಣದ ಕಂಟ್ರೋಲರ್‌ಗೆ ಒಂದು ಮಾತು ಹೇಳಿದರೆ ದಾರಿ ಅರ್ಧ ಸವೆದ ಹಾಗೆ. ರೈಲಿನಲ್ಲಾದರೆ ರೈಲ್ವೆ ರಕ್ಷಣಾ ಪಡೆ ‘ಅಮಾನತ್’ ಕಾರ್ಯಾಚರಣೆಯ ಹೆಸರಿನಲ್ಲಿ ಬಿಟ್ಟುಹೋದ ಸಾಮಾನು ಮರಳಿಸುವ ಕೆಲಸ ಮಾಡುತ್ತದೆ, 139ಕ್ಕೆ ಕರೆ ಮಾಡಬಹುದು. ಮಂಗಳೂರು ಸೆಂಟ್ರಲ್ ದಕ್ಷಿಣ ರೈಲ್ವೆಗೆ, ಉಡುಪಿ ಕೊಂಕಣ ರೈಲ್ವೆಗೆ ಸೇರಿದ್ದು. ಹುಡುಕುವಾಗ ಇದು ನೆನಪಿರಲಿ.

ದೇವಸ್ಥಾನದ ಅಂಗಳದಲ್ಲಿ ಸಿಕ್ಕಿದ ಹಣವನ್ನು ಕಾಣಿಕೆ ಡಬ್ಬಿಗೆ ಹಾಕುವ ರೂಢಿ ನಮ್ಮಲ್ಲಿದೆ. ಮನಸ್ಸಿಗೆ ಭಾರ ಬೇಡ ಎಂದು ಹಾಗೆ ಮಾಡುತ್ತಾರೆ. ಹತ್ತು ರೂಪಾಯಿಯ ಬಿಡಿ ನೋಟಾದರೆ ಸರಿ. ಆದರೆ ಪರ್ಸಿನಲ್ಲಿ ಆಧಾರ್ ಕಾರ್ಡ್ ಇದ್ದೂ ಹಣವನ್ನು ಹುಂಡಿಗೆ ಹಾಕಿದರೆ ಮಾಲಕರ ಪಾಲಿಗೆ ಅದು ಹೋದಂತೆಯೇ. ಆಸ್ಪತ್ರೆಗೆಂದು ತಂದ ಹಣವೂ ಆಗಿರಬಹುದು. ದೇವಸ್ಥಾನದ ಕಚೇರಿಗೆ ಕೊಟ್ಟು ಬರೆಸಿದರೆ ದೇವರಿಗೂ ಸಲ್ಲುತ್ತದೆ, ಮನುಷ್ಯರಿಗೂ ಸಲ್ಲುತ್ತದೆ.

ಇಬ್ಬರು ಬಂದು ನಿಂತರೆ

ಇಲ್ಲಿ ಸಿಕ್ಕಿದವರು ಪಂಚಾಯಿತಿ ಮಾಡಲು ಹೋಗಬಾರದು. ಇಬ್ಬರೂ ಸುಳ್ಳು ಹೇಳುತ್ತಿರಬೇಕೆಂದಿಲ್ಲ. ಬೇರೆಯಾದ ಗಂಡ-ಹೆಂಡತಿ ಇಬ್ಬರೂ ಒಂದೇ ಸರವನ್ನು ತಮ್ಮದು ಎನ್ನಬಹುದು, ಇಬ್ಬರ ಬಳಿಯೂ ಫೋಟೊ ಇರಬಹುದು. ಅಂಥ ತಗಾದೆ ಬಗೆಹರಿಸುವ ಅಧಿಕಾರ ನಮಗಿಲ್ಲ. ಬೇರೆಯವರ ವಸ್ತು ಇಟ್ಟುಕೊಂಡವರ ಬಳಿ ಮತ್ತೊಬ್ಬರು ಬಂದು ಹಕ್ಕು ಹೇಳಿದಾಗ, ವಸ್ತು ಕೈಬದಲಾಗದಂತೆ ತಡೆದು ಯಾರದ್ದೆಂದು ತೀರ್ಮಾನಿಸಲು ಆ ಹಕ್ಕು ಹೇಳಿದವರು ಕೋರ್ಟಿಗೆ ಹೋಗಬಹುದು ಎಂದು ಕರಾರು ಕಾಯ್ದೆಯ 167ನೇ ಸೆಕ್ಷನ್ ಹೇಳುತ್ತದೆ. ಎರಡನೆಯವರು ಬಂದ ಕ್ಷಣವೇ ‘ಠಾಣೆಯಲ್ಲಿ ಮಾತಾಡೋಣ’ ಎನ್ನುವುದು ಎಲ್ಲರಿಗೂ ಕ್ಷೇಮ.

ಕೊಟ್ಟ ಮೇಲೆ ನಿಜವಾದವರು ಬಂದರೆ

ಒಳ್ಳೆಯ ಮನಸ್ಸಿನಿಂದ ಮೋಸ ಹೋದವರು 314ನೇ ಸೆಕ್ಷನ್ನಿಗೆ ಸಿಕ್ಕಿಹಾಕಿಕೊಳ್ಳುವುದಿಲ್ಲ, ಅವರಲ್ಲಿ ಅಪ್ರಾಮಾಣಿಕತೆ ಇಲ್ಲ. ಆದರೆ ಒಂದು ಪ್ರಶ್ನೆಯನ್ನೂ ಕೇಳದೆ ಕೊಟ್ಟಿದ್ದರೆ, ಜೋಪಾನ ಮಾಡುವ ಹೊಣೆ ತಪ್ಪಿತು ಎಂದು ಮಾಲಕರು ಸಿವಿಲ್ ದಾವೆ ಹೂಡುವ ದಾರಿ ಇರುತ್ತದೆ. ಏನು ಕೇಳಿದಿರಿ, ಅವರು ಏನು ಹೇಳಿದರು ಎಂಬ ದಾಖಲೆ ಆಗ ಕೈಹಿಡಿಯುತ್ತದೆ. ಪಡೆದವರ ಸಹಿ, ಗುರುತಿನ ಚೀಟಿಯ ಪ್ರತಿ, ಕೊಡುವಾಗಿನ ಒಂದು ಫೋಟೊ. ಇಷ್ಟನ್ನು ಕೇಳಿದರೆ ನಿಜವಾದ ಮಾಲಕರು ಬೇಸರ ಪಡುವುದಿಲ್ಲ. ಸಿಡಿಮಿಡಿಗೊಳ್ಳುವವರನ್ನು ಸ್ವಲ್ಪ ಹೆಚ್ಚು ಗಮನಿಸಬೇಕು.

ಸುಳ್ಳು ಹೇಳಿ ವಸ್ತು ಪಡೆದವರ ಮೇಲೆ ನ್ಯಾಯ ಸಂಹಿತೆಯ 318(4)ನೇ ಸೆಕ್ಷನ್ ಅಡಿ ವಂಚನೆಯ ಕೇಸು ಬೀಳಬಹುದು. ಅದರ ಶಿಕ್ಷೆ ಏಳು ವರ್ಷದವರೆಗೆ. ಅಂದರೆ ಸಿಕ್ಕಿದ್ದನ್ನು ಇಟ್ಟುಕೊಂಡವರಿಗಿಂತ, ತನ್ನದಲ್ಲದ್ದನ್ನು ತನ್ನದೆಂದು ನಂಬಿಸಿ ಒಯ್ದವರ ಮೇಲೆ ಕಾನೂನು ಕಠಿಣ.

ಬಹುಮಾನದ ಬಗ್ಗೆ ಒಂದು ಮಾತು. ಮಾಲಕರು ಇಂತಿಷ್ಟು ಎಂದು ಮೊದಲೇ ಘೋಷಿಸಿದ್ದರೆ ಸಿಕ್ಕಿದವರು ಅದನ್ನು ಕೋರ್ಟಿನ ಮೂಲಕವೂ ಪಡೆಯಬಹುದು. ಘೋಷಿಸದಿದ್ದರೆ ಜೋಪಾನಕ್ಕೆ, ಹುಡುಕಾಟಕ್ಕೆ ಆದ ಖರ್ಚು ಕೊಡುವವರೆಗೆ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕಿದೆ, ಆದರೆ ಆ ಖರ್ಚಿಗಾಗಿ ದಾವೆ ಹೂಡಲು ಆಗದು. ಕರಾರು ಕಾಯ್ದೆಯ 168ನೇ ಸೆಕ್ಷನ್ ಹೇಳುವುದು ಇಷ್ಟೇ.

ಕಳಕೊಂಡವರು ಮಾಡಬೇಕಾದ್ದು

ತುಳುನಾಡಿನಲ್ಲಿ ವಸ್ತು ಕಳೆದರೆ ಮೊದಲು ನೆನಪಾಗುವುದು ಕೊರಗಜ್ಜ ದೈವ. ಚಕ್ಕುಲಿ, ವೀಳ್ಯದ ಹರಕೆ ಹೊತ್ತು, ಸಿಕ್ಕಿದ ಮೇಲೆ ಆ ದೈವದ ಸ್ಥಾನವಿರುವ ಕುತ್ತಾರಿಗೆ ಹೋಗಿ ಒಪ್ಪಿಸಿ ಬರುವವರು ಎಷ್ಟೋ ಜನ. ಆ ನಂಬಿಕೆ ಧೈರ್ಯ ಕೊಡುತ್ತದೆ. ಹರಕೆ ಹೊತ್ತ ದಿನವೇ ದೂರನ್ನೂ ಕೊಡಬೇಕು. ಯಾಕೆಂದರೆ ‘ಸಿಕ್ಕಿದೆ’ ಎಂಬ ಸಂದೇಶ ಹೊರಡುವ ಮೊದಲೇ ನಿಮ್ಮ ದೂರು ದಾಖಲಾಗಿದ್ದರೆ, ಅದರಲ್ಲಿ ಬೆಸುಗೆ, ಪಿನ್ನಿನ ವಿವರ ಬರೆದಿದ್ದರೆ, ಆಮೇಲೆ ಫೋಟೊ ನೋಡಿ ಬಂದವರ ಮಾತು ನಿಮ್ಮ ಎದುರು ನಿಲ್ಲುವುದಿಲ್ಲ. ದೂರಿನ ಹೊತ್ತೇ ನಿಮ್ಮ ಸಾಕ್ಷಿ.

ಮೊಬೈಲ್ ಕಳೆದರೆ ಠಾಣೆಯ ದೂರಿನ ಪ್ರತಿ ಪಡೆದು, ಕೇಂದ್ರ ಸರಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಕಳೆದ ಫೋನ್‌ಗಳಿಗೆಂದೇ ಇರುವ ಸಿಇಐಆರ್ ವಿಭಾಗದಲ್ಲಿ ಐಎಂಇಐ ಹಾಕಿ ಬ್ಲಾಕ್ ಮಾಡಬಹುದು. 2023ರ ಮೇ ತಿಂಗಳಿಂದ ಈ ಸೇವೆ ಇಡೀ ದೇಶಕ್ಕೆ ಇದೆ. ಫೋನ್ ಕೈಯಲ್ಲಿರುವಾಗಲೇ *#06# ಒತ್ತಿ ಬರುವ ಸಂಖ್ಯೆಯನ್ನು ಮನೆಯ ಡೈರಿಯಲ್ಲಿ ಬರೆದಿಡಿ.

ಸಿಕ್ಕಿದೆ ಎಂದು ಕರೆ ಮಾಡಿ ‘ಮೊದಲು ಗೂಗಲ್ ಪೇ ಮಾಡಿ, ಕೊರಿಯರ್ ಮಾಡ್ತೇನೆ’ ಎನ್ನುವವರಿಗೆ ಒಂದು ರೂಪಾಯಿಯೂ ಹಾಕಬೇಡಿ. ಒಟಿಪಿ ಅಂತೂ ಯಾರಿಗೂ ಹೇಳಬೇಡಿ.

ಆ ಸಂದೇಶ ಹೇಗಿದ್ದರೆ ಚೆನ್ನ

ಮೊದಲು ಹೇಳಿದ ಕರಿಮಣಿ ಸರಕ್ಕೆ ಮರಳಿದರೆ, ಫೋಟೊ ಇಲ್ಲದೆ ಇಷ್ಟು ಬರೆದರೆ ಸಾಕಿತ್ತು:

‘ಉಡುಪಿ ಸಿಟಿ ಬಸ್ ನಿಲ್ದಾಣದಲ್ಲಿ ಇಂದು ಸಂಜೆ ಒಂದು ಆಭರಣ ಸಿಕ್ಕಿದೆ. ಠಾಣೆಗೆ ಒಪ್ಪಿಸಿ ಸ್ವೀಕೃತಿ ಪಡೆದಿದ್ದೇವೆ. ಕಳಕೊಂಡವರು ಯಾವ ಆಭರಣ, ಅದರಲ್ಲಿದ್ದ ಗುರುತು ಏನು ಎಂದು ಠಾಣೆಯಲ್ಲಿ ತಿಳಿಸಿ ಪಡೆಯಬಹುದು. ಬರುವಾಗ ಬಿಲ್ ಅಥವಾ ಅದನ್ನು ಧರಿಸಿದ ಹಳೆಯ ಫೋಟೊ ಇದ್ದರೆ ತನ್ನಿ.’